ಜೀಪಿಗೆ ಸೊಂಡಿಲು ಕೂರಿಸಿದ್ದು

ಚೆನ್ನಾಗಿರುವ ಗಾಡಿಯ ಮೈಗೆ ತೂತು ಕೊರೆಯಲು ಗಟ್ಟಿ ಗುಂಡಿಗೆ ಬೇಕು. ನನ್ನದು ಅಷ್ಟು ಗಟ್ಟಿಯಿಲ್ಲ ಎಂದು ಗೊತ್ತಾಗಿದ್ದು ಡ್ರಿಲ್ಲಿಂಗ್ ಮಷೀನು ಕೈಗೆ ಬಂದ ಮೇಲೆ. ಜೀಪಿನ ಬಲಗಡೆಯ ಮಡ್‌ಗಾರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಎದ್ದೆ. ಒಳಗೆ ಹೋಗಿ ಕಾಫಿ ಮಾಡಿಕೊಂಡು ಕುಡಿದೆ. ಮತ್ತೆ ಬಂದು ಕೂತೆ. ರಟ್ಟಿನ ಅಚ್ಚನ್ನು ಮಡ್‌ಗಾರ್ಡಿಗೆ ಅಂಟಿಸಿ ಸುತ್ತ ಗೆರೆ ಎಳೆದಾಗಿತ್ತು. ಬಣ್ಣ ಸಿಡಿಯದಿರಲಿ ಎಂದು ಗೆರೆಯ ಮೇಲೆ ಟೇಪು ಹಚ್ಚಿಯೂ ಆಗಿತ್ತು. ಇನ್ನು ಕೊರೆಯುವುದೊಂದೇ ಬಾಕಿ. ಆದರೂ ಆ ಭಾನುವಾರ ಕೊರೆಯದೆ, ಮಷೀನನ್ನು ಒರೆಸಿ ಡಬ್ಬಕ್ಕೆ ಹಾಕಿ, ಬೆಳಗ್ಗೆಯ ಉಪ್ಪಿಟ್ಟನ್ನೇ ಮಧ್ಯಾಹ್ನವೂ ತಿಂದು ಮಲಗಿದೆ.

ಬೇಡ ಎನ್ನಲು ಮನೆಯಲ್ಲಿ ಒಬ್ಬರಿದ್ದಿದ್ದರೆ ಅವತ್ತೇ ಕೊರೆದುಬಿಡುತ್ತಿದ್ದೆ. ನಾನು ಹಟಮಾರಿ. 'ಅಯ್ಯೋ, ಬ್ಯಾಡ ಕಣ್ರೀ, ಹಾಳ್ ಮಾಡ್ತೀರ' ಎಂದು ಬಾಗಿಲಲ್ಲಿ ನಿಂತು ಹೇಳುವವರು ಇದ್ದರೆ ನನ್ನ ಕೈ ಚುರುಕಾಗುತ್ತದೆ. ಹೇಳುವವಳು ಹೆಂಡತಿ. ಅವಳು ನಲ್ಲೂರಿನಲ್ಲಿ ತವರುಮನೆಯಲ್ಲಿದ್ದಳು. ಅವಳಮ್ಮ ತೀರಿಕೊಂಡ ಮೇಲೆ ಹೋದವಳು ತಿಥಿ ಮುಗಿದರೂ ಬಂದಿರಲಿಲ್ಲ. ನಮಗೆ ಮಕ್ಕಳಿಲ್ಲ. ಹಾಗಾಗಿ ಅವಳಿಲ್ಲ ಎಂದರೆ ಮನೆಯಲ್ಲಿ ಯಾರೂ ಇಲ್ಲ ಎಂದೇ ಲೆಕ್ಕ.

ನಮ್ಮ ಮನೆ ದೊಡ್ಡಬಳ್ಳಾಪುರದ ಹೊರಗೆ, ರೈಲುಹಳಿಯ ಆಚೆಗಿರುವ ಒಂದು ಬಡಾವಣೆಯಲ್ಲಿದೆ. ಬಡಾವಣೆ ಎಂದರೆ ಕಲ್ಲು ನೆಟ್ಟ ಸೈಟುಗಳು, ಎದೆಯೆತ್ತರ ಪಾರ್ಥೇನಿಯಂ, ಅಲ್ಲೊಂದು ಇಲ್ಲೊಂದು ಮನೆ. ಸಾಯಂಕಾಲ ಇಲ್ಲಿ ಸದ್ದು ಮಾಡುವುದು ರೈಲು ಮಾತ್ರ. ಊರಿಗೆ ಹೋಗಬೇಕಾದರೆ ಹಳಿಯ ಕೆಳಗಿನ ಅಂಡರ್‌ಪಾಸ್‌ನಲ್ಲೇ ಇಳಿದು ಏರಬೇಕು. ಮೊದಲು ಅಲ್ಲಿ ಗೇಟಿತ್ತು. ಗೇಟು ಇದ್ದಾಗ ಗೇಟು ಬಿದ್ದಿದೆ ಎಂದು ಗೊಣಗುತ್ತಿದ್ದೆವು. ಅಂಡರ್‌ಪಾಸ್ ಬಂದ ಮೇಲೆ ಮಳೆ ಬಿದ್ದಿದೆ ಎಂದು ಗೊಣಗುತ್ತೇವೆ. ಒಂದು ಜೋರು ಮಳೆ ಬಂದರೆ ಸಾಕು, ಎರಡೂ ಕಡೆಯ ನೀರು ಅದರೊಳಗೆ ಇಳಿದು ಕೆರೆಯಾಗುತ್ತದೆ. ಆಗ ಕಾಲ್ನಡಿಗೆಯವರು ಪಕ್ಕದ ಮಣ್ಣಿನ ಏರಿಯನ್ನು ಹತ್ತಿ ಹಳಿ ದಾಟುತ್ತಾರೆ. ಗಾಡಿಯವರು ಕಾಯುತ್ತಾರೆ.

ಅತ್ತೆಯವರ ಸಂಗತಿ ಆಗಿದ್ದು ಮುಂಗಾರಿನಲ್ಲಿ. ಹಿಂದಿನ ಸಂಜೆಯಿಂದ ಬಿಟ್ಟೂಬಿಡದೆ ಮಳೆ. ಬೆಳಗ್ಗೆ ನಲ್ಲೂರಿನಿಂದ ನನ್ನ ಬಾಮೈದನ ಫೋನು ಬಂತು. 'ಅಕ್ಕಾ, ಅಮ್ಮ ಒಂಥರಾ ಉಸಿರು ಎಳೀತಾವ್ರೆ. ಬೇಗ ಬಂದ್ಬಿಡಿ' ಎಂದ. ನನ್ನ ಹೆಂಡತಿ ಅಳಲಿಲ್ಲ. ಸೀದಾ ದೇವರಗೂಡಿಗೆ ಹೋಗಿ ಕಾಶಿಯ ಗಂಗೆಯ ಗಿಂಡಿಯನ್ನು ಎತ್ತಿಕೊಂಡು ಬಂದು ಜೀಪು ಹತ್ತಿದಳು.

ಆ ಗಿಂಡಿಯ ಬಗ್ಗೆ ಹೇಳಲೇಬೇಕು. ಅತ್ತೆ ಒಮ್ಮೆ ಊರ ಹೆಂಗಸರ ಜೊತೆ ಟೂರಿಸ್ಟ್ ಬಸ್ಸಿನಲ್ಲಿ ಕಾಶಿಗೆ ಹೋಗಿ ಬಂದಿದ್ದರು. ಬರುವಾಗ ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿಯಲ್ಲಿ ಗಂಗೆ ತಂದು ಮಗಳ ಕೈಯಲ್ಲಿಟ್ಟು, 'ಕೊನೇಗೆ ನನ್ನ ಬಾಯಿಗೆ ನೀನೇ ಇದನ್ನ ಬಿಡ್ಬೇಕು ಕಣವ್ವ' ಎಂದಿದ್ದರು. ಗಂಡುಮಗ ಮನೆಯಲ್ಲೇ ಇದ್ದರೂ ಮಗಳಿಗೇ ಹೇಳಿದ್ದರು. ಆಮೇಲೆ ಹಬ್ಬಕ್ಕೆ ಬಂದಾಗಲೆಲ್ಲ ದೇವರಗೂಡಿಗೆ ಕೈಮುಗಿಯುವ ನೆಪದಲ್ಲಿ ಗಿಂಡಿ ಇದೆಯೇ ಎಂದು ಒಂದು ಸಲ ನೋಡಿಕೊಳ್ಳುತ್ತಿದ್ದರು. ನಾನು ತಮಾಷೆ ಮಾಡುತ್ತಿದ್ದೆ. 'ಅತ್ತೆ, ಸೀಲ್ ಒಡೆದಿಲ್ಲ, ಯಾರೂ ಕುಡ್ದಿಲ್ಲ' ಎಂದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಅಂಡರ್‌ಪಾಸ್ ತುಂಬಿತ್ತು. ನಾನು ಇಳಿಜಾರಿನ ತುದಿಯಲ್ಲಿ ಜೀಪು ನಿಲ್ಲಿಸಿ, ಇಳಿದು ಹಳಿ ದಾಟಿ ಹೋಗೋಣ ಎಂದೆ. 'ಆ ಕಡೆ ಈ ಹೊತ್ನಲ್ಲಿ ಆಟೋ ಎಲ್ ಸಿಗುತ್ತೆ? ನುಗ್ಸಿ ರೀ' ಎಂದಳು. ಅವಳು ಹಾಗೆ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಎತ್ತರದ ಗಾಡಿ, ಹಳ್ಳಕೊಳ್ಳ ಇಳಿದು ಹತ್ತಿದ ಗಾಡಿ. ಭಾನುವಾರ ಭಾನುವಾರ ಅದನ್ನು ಗುಡ್ಡಗಳ ಮೇಲೆ ಓಡಿಸಿ ಬಂದು ಮನೆಯಲ್ಲಿ ಜಂಬ ಕೊಚ್ಚಿಕೊಂಡವನು ನಾನೇ. ನುಗ್ಗಿಸಿದೆ. ನಡುವಿನಲ್ಲಿ ಇಂಜಿನ್ ಒಮ್ಮೆ ಕೆಮ್ಮಿ, ದಬ್ ಎಂದು ಒಳಗೆ ಯಾರೋ ಗುದ್ದಿದ ಹಾಗೆ ಸದ್ದು ಮಾಡಿ ನಿಂತುಹೋಯಿತು. ನೀರು ಸೀಟಿನ ಮಟ್ಟಕ್ಕೆ ಬಂತು. ನನ್ನ ಹೆಂಡತಿ ಗಿಂಡಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಸೊಂಟದ ನೀರಿನಲ್ಲಿ ನಡೆದಳು. ಆಚೆ ದಡದಲ್ಲಿ ಆಟೋ ಇರಲಿಲ್ಲ. ಹಾಲಿನ ವ್ಯಾನು ಒಂದು ಸಿಕ್ಕಿ, ದೇವನಹಳ್ಳಿಯಲ್ಲಿ ಇಳಿದು, ಇನ್ನೇನೋ ಹಿಡಿದು ನಲ್ಲೂರು ಮುಟ್ಟುವಷ್ಟರಲ್ಲಿ ಅತ್ತೆಯನ್ನು ನಡುಮನೆಯಲ್ಲಿ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿಟ್ಟಿದ್ದರು. ಬಾಮೈದನ ಹೆಂಡತಿ ಲೋಟದಲ್ಲಿ ಬೋರ್‌ವೆಲ್ ನೀರು ಬಿಟ್ಟಿದ್ದಳಂತೆ. ಎರಡು ಗುಟುಕು ಒಳಗೆ ಹೋಯಿತಂತೆ. ನನ್ನ ಹೆಂಡತಿ ಗಿಂಡಿಯನ್ನು ಚೀಲದೊಳಕ್ಕೆ ಹಾಕಿ ಜಿಪ್ಪು ಎಳೆದಳು.

ಆಮೇಲೆ ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನೂ ಅವಳನ್ನು ಅನ್ನಲಿಲ್ಲ. ದಿನಾ ಸಾಯಂಕಾಲ ಫೋನು ಮಾಡುತ್ತಿದ್ದಳು. ಊಟ ಆಯ್ತಾ, ಗ್ಯಾಸ್ ಆಫ್ ಮಾಡಿದ್ರಾ, ತುಳಸಿಗೆ ನೀರು ಹಾಕಿದ್ರಾ. ಆಯ್ತು, ಮಾಡ್ದೆ, ಹಾಕ್ದೆ. ಯಾವಾಗ ಬರ್ತೀಯ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ವಾಪಸ್ಸು ಹೋಗುತ್ತಿತ್ತು. ಕೇಳಿದರೆ ಅವಳು 'ಬರಲ್ಲ' ಎಂದುಬಿಟ್ಟರೆ? ಕೇಳದೆ ಇದ್ದರೆ ಬರಬಹುದು ಎಂಬ ಆಸೆಯಾದರೂ ಉಳಿಯುತ್ತದೆ. ಹೆದರಿಕೆ ನನಗೆ. ಬಾಯಿ ಜೋರಿರುವವನಿಗೆ ಹೆದರಿಕೆ ಇರುವುದಿಲ್ಲ ಎಂದು ಜನ ತಿಳಿದಿರುತ್ತಾರೆ.

ಬೆಳಗ್ಗೆ ಕಂಪನಿ ಬಸ್ಸು ಹತ್ತಿ ದಾಬಸ್‌ಪೇಟೆಗೆ ಹೋಗುತ್ತಿದ್ದೆ. ಅಲ್ಲಿ ಒಂದು ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿ ದಿನವಿಡೀ ಲಾರಿಯವರ ಮೇಲೆ, ಹಮಾಲಿಗಳ ಮೇಲೆ ಕೂಗಾಡುತ್ತೇನೆ. ಮನೆಗೆ ಬಂದು ಬೀಗ ತೆಗೆದರೆ ಕೂಗಲು ಯಾರೂ ಇಲ್ಲ. ಟಿವಿ ಹಾಕಿ ಸೌಂಡು ಜಾಸ್ತಿ ಮಾಡಿ ಅಡುಗೆಮನೆಗೆ ಹೋಗುತ್ತಿದ್ದೆ, ಹಿಂದೆ ಯಾರೋ ಮಾತಾಡುತ್ತಿದ್ದಾರೆ ಅನ್ನಿಸಲಿ ಎಂದು. ಎರಡು ಲೋಟ ಅಕ್ಕಿ ಹಾಕುವ ಅಭ್ಯಾಸ ತಪ್ಪಲು ಬಹಳ ಕಾಲ ಹಿಡಿಯಿತು.

ಇಷ್ಟರಲ್ಲಿ ಜೀಪು ಗ್ಯಾರೇಜಿನಲ್ಲಿತ್ತು. ನೀರು ಕುಡಿದ ಇಂಜಿನ್ನನ್ನು ಪೂರ್ತಿ ಬಿಚ್ಚಿ, ಒಳಗೆ ಬಗ್ಗಿಹೋಗಿದ್ದ ರಾಡನ್ನು ಗ್ಯಾರೇಜಿನವನು ನನ್ನ ಕೈಗಿಟ್ಟು ತೋರಿಸಿದ. ಅವನೇ ಹೇಳಿದ್ದು, ಸೊಂಡಿಲು ಹಾಕ್ಸಿ ಸಾರ್ ಎಂದು. ಕಂಪನಿಗಳು ಇದಕ್ಕೆ ಸ್ನಾರ್ಕೆಲ್ ಎನ್ನುತ್ತವೆ. ಇಂಜಿನ್ನಿಗೂ ಉಸಿರು ಬೇಕು. ಅದು ಗಾಳಿ ಎಳೆಯುವ ಬಾಯಿ ಬಾನೆಟ್ಟಿನ ಒಳಗೆ ಹೆಡ್‌ಲೈಟಿನ ಮಟ್ಟದಲ್ಲಿರುತ್ತದೆ. ಅಲ್ಲಿಗೆ ನೀರು ಬಂದರೆ ಗಾಳಿಯ ಬದಲು ನೀರೇ ಒಳಗೆ ಹೋಗುತ್ತದೆ. ಅದಕ್ಕೆ ಮಡ್‌ಗಾರ್ಡಿನಲ್ಲಿ ತೂತು ಕೊರೆದು, ದಪ್ಪ ಕೊಳವೆಯೊಂದನ್ನು ಮುಂದಿನ ಗಾಜಿನ ಪಕ್ಕದಲ್ಲಿ ಗಾಡಿಯ ಚಾವಣಿಯ ಮಟ್ಟಕ್ಕೆ ಎತ್ತಿಬಿಡುವುದು. ಕೆರೆಯಲ್ಲಿ ಬಿದ್ದ ಎಮ್ಮೆ ಮೂಗನ್ನಷ್ಟೇ ಮೇಲೆ ಇಟ್ಟುಕೊಳ್ಳುತ್ತದಲ್ಲ, ಹಾಗೆ.

ನನ್ನ ತಲೆಯಲ್ಲಿ ಆಗ ಒಂದೇ ಒಂದು ವಿಚಾರ ಕೂತಿತು. ಆ ಗುಂಡಿ ಇನ್ನೆಂದೂ ನಮ್ಮನ್ನು ತಡೆಯುವುದಿಲ್ಲ ಎಂದು ತೋರಿಸಿಕೊಟ್ಟರೆ ಅವಳು ಮನೆಗೆ ಬರುತ್ತಾಳೆ. ಅದಕ್ಕೇ ಗ್ಯಾರೇಜಿನವನ ಕೈಯಲ್ಲಿ ಮಾಡಿಸದೆ, ನನ್ನ ಕೈಯಾರೆ ಮಾಡಬೇಕು ಎಂದು, ರಿಪೇರಿಯಾದ ಜೀಪನ್ನು ಮನೆಗೆ ತಂದು, ಸೊಂಡಿಲಿನ ಕಿಟ್ಟನ್ನು ತರಿಸಿಕೊಂಡೆ. ಫೋನಿನಲ್ಲಿ ಅವಳಿಗೆ ಹೇಳಲಿಲ್ಲ. ಬಂದಾಗ ನೋಡಲಿ ಎಂದುಕೊಂಡೆ.

ಆ ಉಪ್ಪಿಟ್ಟಿನ ಭಾನುವಾರ ಕಳೆದು ಮುಂದಿನ ಭಾನುವಾರ ಕೊರೆದೆ. ಪಕ್ಕದ ಬೀದಿಯ ನಿವೃತ್ತರೊಬ್ಬರು ವಾಕಿಂಗ್ ಮುಗಿಸಿ ಬರುತ್ತಾ ಗೇಟಿನಲ್ಲಿ ನಿಂತು, 'ಏನ್ ಗುರು, ಸಬ್‌ಮರೀನ್ ಮಾಡ್ತಿದೀರಾ?' ಎಂದರು. ನನಗೆ ರೇಗಿತು. ಆ ರೇಗಿನಲ್ಲೇ ಮಷೀನು ಒತ್ತಿದೆ. ತಗಡು ಕಿರುಚಿತು, ಹೊಗೆಯಾಡಿತು, ಕೊನೆಗೆ ದುಂಡನೆಯ ಬಿಲ್ಲೆಯೊಂದು ಒಳಕ್ಕೆ ಬಿದ್ದು ಠಣ್ ಎಂದಿತು. ಅವರು ಇನ್ನೂ ನಿಂತಿದ್ದರು. ಒಂದು ಕಾಫಿಗಾದರೂ ಕರೆಯಬಹುದಿತ್ತು. ಕರೆಯಲಿಲ್ಲ. ಬಂದು ಕೂತರೆ ಮನೆಯವರು ಎಲ್ಲಿ ಎಂದು ಕೇಳುತ್ತಾರೆ. ಕೇಳದೆ ಇದ್ದರೆ ಇನ್ನೂ ಕಷ್ಟ, ಎಲ್ಲ ಗೊತ್ತಿದೆ ಎಂದು ಅರ್ಥ.

ಫೋನಿನ ವಿಡಿಯೊಗಳಲ್ಲಿ ಯಾರ‍್ಯಾರೋ ಸಂಗೀತ ಹಾಕಿಕೊಂಡು ನಗುನಗುತ್ತಾ ಇಷ್ಟು ಕೆಲಸವನ್ನು ಸಲೀಸಾಗಿ ಮುಗಿಸುತ್ತಾರೆ. ನನಗೆ ಮಳೆಗಾಲ ಪೂರ್ತಿ ಬೇಕಾಯಿತು. ಕೊರೆದ ಅಂಚು ತುಕ್ಕು ಹಿಡಿಯದಿರಲೆಂದು ಅದನ್ನು ಉಜ್ಜಿ ರೆಡ್ ಆಕ್ಸೈಡ್ ಬಳಿದೆ. ಕೊಳವೆಯನ್ನು ಕೂರಿಸಿ ನಟ್ಟು ಬಿಗಿದೆ. ಒಳಗಡೆ ಅದನ್ನು ಏರ್‌ಫಿಲ್ಟರಿನ ಡಬ್ಬಕ್ಕೆ ಸೇರಿಸುವ ಮೊಣಕೈಯಂತೆ ಬಾಗಿದ ರಬ್ಬರ್ ಕೊಳವೆಗೆ ಎರಡೂ ಕಡೆ ಕ್ಲಿಪ್ಪು ಹಾಕಿ, ಸುತ್ತಲೂ ಸಿಲಿಕಾನ್ ಪೇಸ್ಟು ಮೆತ್ತಿ ಬೆರಳಿನಲ್ಲಿ ಸವರಿದೆ. ಮೊಣಕೈಯ ಆ ಕೀಲು ಎಷ್ಟು ನುಣುಪಾಗಿ ಬಂತೆಂದರೆ, ಅದರ ಫೋಟೊ ತೆಗೆದು ಯಾರಿಗೆ ಕಳಿಸುವುದು ಎಂದು ಯೋಚಿಸಿ, ಯಾರಿಗೂ ಕಳಿಸದೆ ಇಟ್ಟುಕೊಂಡೆ. ಡಬ್ಬದ ತಳದಲ್ಲಿ ನೀರು ಇಳಿದುಹೋಗಲು ಒಂದು ಕಿರುತೂತು ಇರುತ್ತದೆ, ಅದನ್ನು ಮುಚ್ಚಿದೆ. ಗೇರ್‌ಬಾಕ್ಸಿನ, ಆಕ್ಸಲಿನ ಉಸಿರುಗೊಳವೆಗಳಿಗೂ ಪೈಪು ಸಿಕ್ಕಿಸಿ ಮೇಲಕ್ಕೆ ಎತ್ತಿ ಕಟ್ಟಿದೆ. ವೈರುಗಳ ಸೇರಿಕೆಗೆಲ್ಲ ಗ್ರೀಸು ತುಂಬಿದೆ. ನೀರು ಒಂದು ತೊಟ್ಟೂ ಹೋಗಬಾರದು ಎಂಬ ಹಟ ಬಂದುಬಿಟ್ಟಿತ್ತು.

ಎಲ್ಲ ಆಯಿತೆಂದು ಗ್ಯಾರೇಜಿನವನಿಗೆ ಫೋನು ಮಾಡಿದೆ. 'ಟೆಸ್ಟ್ ಮಾಡಿದ್ರಾ ಸಾರ್?' ಎಂದ. 'ಮ್ಯಾಲೆ ಟೋಪಿ ಬಿಚ್ಚಿ ಬಾಯಿ ಮುಚ್ಚಿ. ಇಂಜಿನ್ ನಿಂತೋದ್ರೆ ಪಾಸು. ನಿಲ್ಲಲಿಲ್ಲ ಅಂದ್ರೆ ಎಲ್ಲೋ ಕದ್ದು ಗಾಳಿ ಎಳೀತೈತೆ ಅಂತ. ಗಾಳಿ ಹೋಗೋ ಕಡೆ ನೀರೂ ಹೋಯ್ತದೆ.'

ಸ್ಟೂಲು ಹತ್ತಿ, ಕೊಳವೆಯ ತುದಿಯ ಟೋಪಿ ಬಿಚ್ಚಿ, ಅಂಗೈ ಮುಚ್ಚಿದೆ. ಅಂಗೈಯನ್ನು ಒಳಗಿನಿಂದ ಏನೋ ಹೀರಿತು. ಆದರೆ ಇಂಜಿನ್ ನಿಲ್ಲಲಿಲ್ಲ. ಬಡಬಡ ಎಂದು ಓಡುತ್ತಲೇ ಇತ್ತು. ಮತ್ತೆ ಫೋನು. 'ಊದುಕಡ್ಡಿ ಹಚ್ಕಳಿ ಸಾರ್. ಒಬ್ರು ಮ್ಯಾಲೆ ಬಾಯಿ ಮುಚ್ಕಂಡು ನಿಂತ್ಕಳಿ. ಇನ್ನೊಬ್ರು ಕೆಳಗೆ ಒಂದೊಂದು ಜಾಯಿಂಟಿನ ಹತ್ರಾನೂ ಕಡ್ಡಿ ಹಿಡೀರಿ. ಹೊಗೆ ಎಲ್ಲಿ ಒಳೀಕೆ ಹೋಗುತ್ತೋ ಅದೇ ತೂತು. ಮನೇವ್ರಿಗೆ ಹೇಳಿ, ಹಿಡ್ಕತಾರೆ.'

ಮನೇವ್ರಿಗೆ ಹೇಳಿ! ನಾನು ಫೋನು ಇಟ್ಟು ಸ್ಟೂಲಿನ ಮೇಲೇ ಕೂತೆ. ಮಳೆಗಾಲ ಪೂರ್ತಿ ಒಬ್ಬನೇ ಮಾಡಿದ ಕೆಲಸ ಕೊನೆಯಲ್ಲಿ ಇನ್ನೊಬ್ಬರ ಅಂಗೈ ಕೇಳುತ್ತಿತ್ತು. ಪ್ಲಾಸ್ಟಿಕ್ ಕವರು ಕಟ್ಟಿ ನೋಡಿದೆ, ಹರಿದು ಒಳಗೆ ಹೋಗುವುದರಲ್ಲಿತ್ತು. ಒದ್ದೆ ಬಟ್ಟೆ ತುರುಕಿದೆ, ಅದರಲ್ಲೇ ಗಾಳಿ ಹೋಗುತ್ತಿತ್ತು. ಒಂದು ರಾಗಿಮುದ್ದೆ ಇಟ್ಟು ಮುಚ್ಚಿದರೆ ಹೇಗೆ ಎಂಬ ಯೋಚನೆಯೂ ಬಂತು. ಆದರೆ ನಾನು ತಿರುವಿದ ಮುದ್ದೆ ತಟ್ಟೆಯಲ್ಲೇ ಒಟ್ಟಾಗಿ ನಿಲ್ಲುವುದಿಲ್ಲ. ಪಕ್ಕದ ಬೀದಿಯವರನ್ನು ಕೂಗಿದ್ದರೆ ಖುಷಿಯಾಗಿ ಬರುತ್ತಿದ್ದರು. ನಾನು ಕೂಗಲಿಲ್ಲ. ಬಾನೆಟ್ ಮುಚ್ಚಿ ಕೈ ತೊಳೆದೆ. ಒಂದು ಸಣ್ಣ ಕೆಲಸಕ್ಕೆ ಒಬ್ಬ ಮನುಷ್ಯ ಇಲ್ಲವಲ್ಲ ಎಂದು ಅವತ್ತು ಅಳು ಬಂತು. ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಬಚ್ಚಲಿಗೇ ಹೋಗಿ ಅತ್ತಿದ್ದು ಯಾಕೋ ಗೊತ್ತಿಲ್ಲ.

ನವರಾತ್ರಿಯಲ್ಲಿ ಅವಳೇ ಫೋನಿನಲ್ಲಿ, 'ಆಯುಧಪೂಜೆಗೆ ಬಂದು ಹೋಗ್ತೀನಿ. ಗಾಡಿ ಪೂಜೆ ಇಲ್ದೆ ಇರ್ಬಾರ್ದು' ಎಂದಳು. ಬರುತ್ತಾಳಲ್ಲ ಎಂದು ಹಿಗ್ಗಿದೆ. ಹೋಗುತ್ತಾಳಲ್ಲ ಎಂದು ಅಲ್ಲೇ ಕುಗ್ಗಿದೆ. ಬಸ್‌ಸ್ಟ್ಯಾಂಡಿಗೆ ಬರುತ್ತೇನೆ ಎಂದರೆ, ಬೇಡ, ಆಟೋದಲ್ಲಿ ಬರುತ್ತೇನೆ ಎಂದಳು.

ಬಂದಳು. ಆದರೆ ಆಟೋ ಮನೆಯವರೆಗೆ ಬರಲಿಲ್ಲ. ಏರಿಯ ಕಡೆಯಿಂದ ನಡೆದು ಬಂದಳು, ಚಪ್ಪಲಿಗೆಲ್ಲ ಹಳಿಯ ಜಲ್ಲಿಯ ದೂಳು. ಅವತ್ತು ಅಂಡರ್‌ಪಾಸ್ ಪೂರ್ತಿ ಒಣಗಿತ್ತು. ಆಟೋವನ್ನು ಆಚೆಯೇ ಬಿಟ್ಟು ಮೇಲಿಂದ ಯಾಕೆ ಬಂದಳು ಎಂದು ಅನ್ನಿಸಿತು, ಕೇಳಲಿಲ್ಲ. ಬೆಳ್ಳಿಕೂದಲು ಜಾಸ್ತಿಯಾಗಿತ್ತು. ಸೀದಾ ದೇವರಗೂಡಿಗೆ ಹೋಗಿ ಬಹಳ ಹೊತ್ತು ಅಲ್ಲೇ ಇದ್ದಳು. ಆಮೇಲೆ ಹೊರಗೆ ಬಂದು ಜೀಪನ್ನು ನೋಡಿ ನಿಂತುಬಿಟ್ಟಳು.

'ಇದೇನ್ರೀ ಇದು? ಗಾಡಿಗೆ ತೂತು ಕೊರೆದ್ರಾ?'

ನಾನು ಉತ್ಸಾಹದಿಂದ ವಿವರಿಸಿದೆ. ಗಾಳಿ ಹೇಗೆ ಹೋಗುತ್ತದೆ, ನೀರು ಯಾಕೆ ಹೋಗುವುದಿಲ್ಲ, ಎಲ್ಲ. ಅವಳು ಕೊಳವೆಯನ್ನು ಬುಡದಿಂದ ತುದಿಯವರೆಗೆ ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ. ನಾನು, 'ಒಂದು ಕೆಲಸ ಬಾಕಿ ಇದೆ ಕಣೇ. ಪೂಜೆಗೆ ಮುಂಚೆ ಒಂದು ಕೈ ಹಿಡೀತೀಯಾ?' ಎಂದೆ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟೂಲು ಹತ್ತಿದಳು. ನಾನು ದೇವರಗೂಡಿನ ಊದುಕಡ್ಡಿ ಹಚ್ಚಿಕೊಂಡು ಇಂಜಿನ್ ಚಾಲೂ ಮಾಡಿ ಮುಂದೆ ಬಂದು ಬಾನೆಟ್ ಎತ್ತಿದೆ. ಈಗ ನಮ್ಮಿಬ್ಬರ ನಡುವೆ ಬಾನೆಟ್ ಗೋಡೆಯಾಗಿ ನಿಂತಿತು. ಅವಳಿಗೆ ನಾನು ಕಾಣೆ, ನನಗೆ ಅವಳು ಕಾಣಳು.

'ಮುಚ್ಚು!' ಎಂದು ಕೂಗಿದೆ.

'ಮುಚ್ಚಿದೀನಿ! ಅಯ್ಯೋ, ಎಳೀತಾ ಇದೆ ರೀ!'

'ಎಳೀಲಿ, ಬಿಡ್ಬೇಡ!'

ಕಡ್ಡಿಯನ್ನು ಡಬ್ಬದ ತಳಕ್ಕೆ ಹಿಡಿದೆ. ಹೊಗೆ ನೆಟ್ಟಗೆ ಮೇಲೆ ಹೋಯಿತು. ಮುಚ್ಚಳದ ಸುತ್ತ ಹಿಡಿದೆ, ಏನಿಲ್ಲ. ಕೊನೆಗೆ, ಅಲ್ಲಿ ಇರಲಾರದು ಎಂದುಕೊಂಡೇ, ಮೊಣಕೈಯ ಹತ್ತಿರ ಹಿಡಿದೆ. ಫೋಟೊ ತೆಗೆದಿದ್ದೆನಲ್ಲ, ಅದೇ ಕೀಲು. ಹೊಗೆ ತಟ್ಟನೆ ಬಾಗಿ, ನೂಲೆಳೆಯ ಹಾಗೆ, ಕೀಲಿನ ಹಿಂಬದಿಗೆ ಹೋಗಿ ಮಾಯವಾಯಿತು. ಕಣ್ಣಿಗೆ ಕಾಣುವ ಕಡೆಯೆಲ್ಲ ನುಣ್ಣಗೆ ಸವರಿದ್ದೆ. ಕಾಣದ ಹಿಂಬದಿಗೆ ಬೆರಳು ಎಟುಕಿರಲಿಲ್ಲ.

ಇಂಜಿನ್ ಆರಿಸಿ, ಕ್ಲಿಪ್ಪು ಸಡಿಲಿಸಿ, ಕೀಲನ್ನು ತಿರುಗಿಸಿ ಪೇಸ್ಟು ಮೆತ್ತಿದೆ. ಒಣಗುವವರೆಗೆ ಅವಳು ಒಳಗೆ ಹೋಗಿ ಅಡುಗೆ ಮಾಡಿದಳು. ಒಗ್ಗರಣೆಯ ಸದ್ದು ಅಂಗಳಕ್ಕೆ ಕೇಳಿಸಿತು. ಪೇಸ್ಟು ಎಷ್ಟು ನಿಧಾನವಾಗಿ ಒಣಗುತ್ತದೋ ಅಷ್ಟು ಒಳ್ಳೆಯದು ಎಂದು ಸುಮ್ಮನೆ ಕೂತೆ. ಅವಳು ಮಾಡಿದ ಹುಳಿಯನ್ನು ಉಂಡು ಮತ್ತೆ ಹೊರಗೆ ಬಂದೆವು. ಇಂಜಿನ್ ಮತ್ತೆ ಚಾಲೂ ಮಾಡಿ ಹೊಸ ಊದುಕಡ್ಡಿ ಹಚ್ಚಿಕೊಂಡೆ. ಅವಳು ಸ್ಟೂಲಿನ ಮೇಲೆ, ನಾನು ಬಾನೆಟ್ಟಿನ ಈಚೆ.

'ಮುಚ್ಚು.'

ಇಂಜಿನ್ ಸದ್ದು ದಪ್ಪಗಾಯಿತು. ಮೈ ನಡುಗಿತು. ಒಂದೆರಡು ಸಲ ಮುಗ್ಗರಿಸಿ ನಿಂತುಹೋಯಿತು.

'ಕೆಟ್ಟೋಯ್ತಾ?' ಎಂದಳು ಗಾಬರಿಯಿಂದ.

'ಇಲ್ಲ ಕಣೇ. ಸರಿ ಹೋಯ್ತು. ನಿಂತ್ರೇನೇ ಸರಿ.'

ಅವಳು ಸ್ಟೂಲಿನಿಂದ ಇಳಿದ ಸದ್ದು ಬರಲಿಲ್ಲ. ಬಾನೆಟ್ಟಿನ ಆಚೆಯಿಂದ ಮಾತು ಬಂತು.

'ಅವತ್ತು ನುಗ್ಸಿ ಅಂದೋಳು ನಾನೇ ಅಲ್ವಾ.'

ಕೈಯಲ್ಲಿದ್ದ ಊದುಕಡ್ಡಿ ಉರಿಯುತ್ತಲೇ ಇತ್ತು.

'ನೀವು ಹಳಿ ದಾಟಿ ಹೋಗೋಣ ಅಂದ್ರಿ. ನಾನ್ ಕೇಳ್ಲಿಲ್ಲ. ದಾಟಿದ್ರೆ ಆ ಹಾಲಿನ ವ್ಯಾನ್ ಇನ್ನೂ ಬೇಗ ಸಿಕ್ತಿತ್ತೋ ಏನೋ. ಅಮ್ಮನ ಬಾಯಿಗೆ ನಾನೇ ನೀರು ಬಿಡ್ತಿದ್ನೋ ಏನೋ.'

'ಯಾರಾದ್ರೂ ನಿನ್ನ ಅಂದ್ರಾ? ನಾನ್ ಒಂದಿನ ಅಂದಿದೀನಾ?'

'ಅಂದಿದ್ರೆ ಚೆನ್ನಾಗಿರ್ತಿತ್ತು. ಉಪ್ಪು ಜಾಸ್ತಿ ಆದ್ರೆ ಬೀದಿಗೆಲ್ಲ ಕೇಳೋ ಹಂಗೆ ಕೂಗಾಡ್ತೀರ. ಅವತ್ತು ಒಂದ್ಸಲ ಬೈದಿದ್ರೆ ನಾನೂ ಅತ್ತು ಮುಗಿಸ್ತಿದ್ದೆ. ನೀವು ಬಾಯೇ ಬಿಡ್ಲಿಲ್ಲ. ಈಗ ನೋಡಿದ್ರೆ ಇದನ್ನ ಹಾಕಿದೀರ. ದಿನಾ ಬೆಳಗಾಗೆದ್ದು ಇದನ್ನ ನೋಡ್ಬೇಕಾ ನಾನು?'

ನಾನು ಬಾನೆಟ್ ಇಳಿಸಿದೆ. ಅವಳು ಸ್ಟೂಲಿನ ಮೇಲೆ ನಿಂತೇ ಇದ್ದಳು, ಅಂಗೈ ಕೊಳವೆಯ ಬಾಯಿಯ ಮೇಲೆಯೇ ಇತ್ತು. ಅವಳ ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. 'ನೀನ್ ಬರ್ಲಿ ಅಂತ ಹಾಕಿದ್ದು ಕಣೇ' ಎಂದೆ. 'ಗೊತ್ತು' ಎಂದಳು. ಕೈ ಹಿಡಿದು ಇಳಿಸಿಕೊಂಡೆ. ಅವಳ ಅಂಗೈಯಲ್ಲಿ ಕೊಳವೆಯ ಬಾಯಿ ದುಂಡಗೆ ಕೆಂಪಗೆ ಮೂಡಿತ್ತು.

ಆಮೇಲೆ ಪೂಜೆ ಮಾಡಿದಳು. ಗಾಜಿಗೆ ಅರಿಶಿನ ಕುಂಕುಮ, ಬಾನೆಟ್ಟಿಗೆ ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಉಳಿದ ಒಂದು ಮೊಳ ಹೂವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತು, ಅದನ್ನೂ ಸೊಂಡಿಲಿಗೆ ಸುತ್ತಿದಳು. ಬೂದುಗುಂಬಳಕಾಯಿ ಒಡೆದೆ. ಪಕ್ಕದ ಬೀದಿಯವರು ಪೂಜೆಯ ಚರುಪು ತೆಗೆದುಕೊಳ್ಳಲು ಬಂದು, 'ಮನೇವ್ರು ಬಂದ್ರಾ, ಸದ್ಯ' ಎಂದರು. ಅವರ ಮೇಲೆ ನನಗೆ ಅಷ್ಟೇನೂ ರೇಗಲಿಲ್ಲ.

ಮಧ್ಯಾಹ್ನ ಕಳೆಯುತ್ತಲೇ ಮೋಡ ಕಟ್ಟಿ ಜೋರು ಮಳೆ ಹೊಯ್ದು ನಿಂತಿತು. ಅವಳು ಚೀಲ ಎತ್ತಿಕೊಂಡಳು. ನಾನು ಜೀಪು ತೆಗೆದೆ, ಅವಳು ಹತ್ತಿದಳು. ಒಳಗೊಳಗೆ ನನಗೆ ಖುಷಿಯೇ. ಅಂಡರ್‌ಪಾಸ್‌ನಲ್ಲಿ ನೀರು ನಿಂತಿತ್ತು, ಮೊಣಕಾಲಿಗಿಂತ ಮೇಲಿರಬಹುದು. ಕೆಂಪು ನೀರಿನ ಮೇಲೆ ಬಾಳೆಕಂದು, ಹೂವು, ಪ್ಲಾಸ್ಟಿಕ್ ತೇಲುತ್ತಿದ್ದವು. ಇಳಿಜಾರಿನ ತುದಿಯಲ್ಲಿ, ಅವತ್ತು ನಿಲ್ಲಿಸಿದ ಜಾಗದಲ್ಲೇ, ಒಂದು ಗಳಿಗೆ ನಿಲ್ಲಿಸಿದೆ.

'ಎರಡೇ ನಿಮಿಷ. ಗಟ್ಟಿಯಾಗಿ ಹಿಡ್ಕೋ' ಎಂದೆ.

ಅವಳು ನೀರನ್ನೇ ನೋಡುತ್ತಿದ್ದಳು. 'ಇಂಜಿನ್ನಿಗೆ ನೀರು ಹೋಗಲ್ಲ ಅಲ್ವಾ?'

'ಒಂದು ತೊಟ್ಟೂ ಹೋಗಲ್ಲ.'

'ನಾವ್ ಕೂರೋ ಕಡೆ?'

ಜೀಪಿನ ಬಾಗಿಲುಗಳು ಕ್ಯಾನ್ವಾಸಿನವು. ನೀರು ಬಂದರೆ ಸೀಟಿಗೇ ಬರುತ್ತದೆ. ಗೇರ್‌ಬಾಕ್ಸಿನವರೆಗೆ ಎಲ್ಲದಕ್ಕೂ ಉಸಿರಿನ ದಾರಿ ಮಾಡಿದ್ದೆ. ಅವಳು ಕೂರುವ ಜಾಗದ ಯೋಚನೆಯೇ ನನಗೆ ಬಂದಿರಲಿಲ್ಲ.

ಅವಳು ಇಳಿದಳು. ಕೋಪವಿರಲಿಲ್ಲ. ಬಾಗಿಲ ಹತ್ತಿರ ನಿಂತು ಮೆಲ್ಲಗೆ ಹೇಳಿದಳು. 'ನನ್ ಕೈಲಿ ಇದ್ರೊಳಗೆ ಇಳಿಯಕ್ಕಾಗಲ್ಲ ರೀ. ನೀರಿದ್ರೂ ಆಗಲ್ಲ, ಒಣಗಿದ್ರೂ ಆಗಲ್ಲ. ಬೆಳಗ್ಗೆ ಆಟೋದವನಿಗೆ ಆಚೇನೇ ನಿಲ್ಸು ಅಂದೆ. ಮೇಲೆ ಹೋಗೋಣ ಬನ್ನಿ.'

ಜೀಪನ್ನು ಬದಿಗೆ ಹಾಕಿ ಚೀಲ ಹೊತ್ತು ಅವಳ ಹಿಂದೆ ಏರಿ ಹತ್ತಿದೆ. ಎರಡೂ ಕಡೆ ನೋಡಿ ಹಳಿ ದಾಟಿದೆವು. ಜಲ್ಲಿಯ ಮೇಲೆ ಅವಳ ಚಪ್ಪಲಿ ಜಾರಿದಾಗ ನನ್ನ ತೋಳು ಹಿಡಿದುಕೊ‍ಂಡಳು. ಆಚೆ ಕಡೆ ಆಟೋ ಸಿಕ್ಕಿತು, ಹಬ್ಬದ ಹಾರ ಹಾಕಿಕೊಂಡಿತ್ತು. ಬಸ್‌ಸ್ಟ್ಯಾಂಡಿನಲ್ಲಿ ದೇವನಹಳ್ಳಿ ಬಸ್ಸು ಹತ್ತಿಸಿದೆ. ಕಿಟಕಿಯಿಂದ, 'ಹುಳಿ ಫ್ರಿಜ್ಜಿಗೆ ಇಟ್ಟಿದೀನಿ. ನಾಳೆಗೂ ಆಗುತ್ತೆ' ಎಂದಳು. ಬಸ್ಸು ಹೊರಟಿತು.

ವಾಪಸ್ಸು ಬಂದು ಹಳಿ ದಾಟಿ, ಹೂವು ಹಾಕಿಕೊಂಡು ಕಾಯುತ್ತಿದ್ದ ಜೀಪನ್ನು ಮನೆಗೆ ತಂದೆ. ದೀಪಕ್ಕೆ ಎಣ್ಣೆ ಹಾಕಲು ದೇವರಗೂಡಿನ ಮುಂದೆ ಕೂತಾಗ ಗಿಂಡಿ ಕಂಡಿತು. ತನ್ನ ಹಳೆಯ ಜಾಗದಲ್ಲಿ, ಹುಣಿಸೆಹಣ್ಣಿನಲ್ಲಿ ತಿಕ್ಕಿ ಬೆಳಗಿದ ಗಿಂಡಿ. ಬೆಸುಗೆ ಹಾಗೆಯೇ ಇತ್ತು. ಬೆಳಗ್ಗೆ ಅಷ್ಟು ಹೊತ್ತು ಒಳಗಿದ್ದು ಅದನ್ನು ಇಟ್ಟು ಕುಂಕುಮ ಹಚ್ಚಿದ್ದಾಳೆ. ಮರೆತು ಹೋದಳೇನೋ ಎಂದು ಫೋನು ಮಾಡಿದೆ.

'ಗಿಂಡಿ ಇಲ್ಲೇ ಬಿಟ್ಟಿದೀಯ.'

'ಮರೆತಿಲ್ಲ. ಅಲ್ಲೇ ಇರ್ಲಿ.' ಬಸ್ಸಿನ ಗದ್ದಲದಲ್ಲಿ ಅವಳ ದನಿ ಬಂದು ಹೋಗುತ್ತಿತ್ತು. 'ನಮ್ಮಿಬ್ರಲ್ಲಿ ಯಾರಿಗೋ ಒಬ್ರಿಗೆ ಬೇಕಾಗುತ್ತಲ್ಲ.'

ಇಷ್ಟು ದಿನ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿಬಿಟ್ಟೆ. 'ಯಾವಾಗ ಬರ್ತೀಯ?'

'ಮಳೆ ಕಳೀಲಿ' ಎಂದಳು. 'ಮಳೆ ಕಳೀಲಿ, ಬರ್ತೀನಿ. ನಡ್ಕೊಂಡು ಬರ್ತೀನಿ. ಏರಿ ಹತ್ರ ನಿಂತ್ಕೊಂಡಿರಿ.'

ದೀಪಾವಳಿ ಕಳೆಯಿತು. ಕಾರ್ತಿಕ ಸೋಮವಾರಗಳು ಬಂದವು. ಹಿಂಗಾರು ಚೆನ್ನಾಗಿ ಹಿಡಿದಿದೆ ಎಂದು ಕಂಪನಿ ಬಸ್ಸಿನಲ್ಲಿ ಎಲ್ಲರಿಗೂ ಸಂತೋಷ. ರಾಗಿ ತೆನೆ ತುಂಬಿದೆ, ಕೆರೆಗಳು ಕೋಡಿ ಬಿದ್ದಿವೆ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತೇನೆ. ಬೆಳಗ್ಗೆ ಎದ್ದವನೇ ಬಾಗಿಲು ತೆಗೆದು ಮೊದಲು ಆಕಾಶ ನೋಡುತ್ತೇನೆ. ಅಂಗಳದಲ್ಲಿ ಜೀಪಿದೆ, ಎಲ್ಲೂ ಒಂದಿಷ್ಟೂ ಗಾಳಿ ಸೋರದ ಜೀಪು. ಸೊಂಡಿಲಿನ ಮೇಲೆ ಅವಳು ಸುತ್ತಿದ ಹೂವು ಒಣಗಿ ಕಂದಾಗಿ, ಮಳೆಗೆ ಮತ್ತೆ ನೆನೆದು ಅಂಟಿಕೊಂಡಿದೆ. ನಾನದನ್ನು ತೆಗೆದಿಲ್ಲ. ಇವತ್ತೂ ಮಳೆ ಬರುತ್ತಿದೆ.